ಮೀನು ತಿಂದರೆ ಮಕ್ಕಳು ಚುರುಕಾಗ್ತಾರಾ?

ನಾನು ಮಲ್ಪೆ ಕಡೆಯವಳು, ಪಾಠ ಮಾಡುವುದು ಘಟ್ಟದ ಮೇಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ, ದಕ್ಷಿಣ ಕನ್ನಡ ಮೇಲೆ ಬಂದಾಗೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನಿಮ್ಮೋರು ಚಿಕ್ಕಂದಿನಿಂದ ಮೀನು ತಿಂತಾರಲ್ಲ ಮೇಡಂ, ಅದಕ್ಕೇ ಬುದ್ಧಿ ಚುರುಕಂತೆ, ಹೌದಾ?" ಹೇಳಿ ಹೇಳಿ ಸಾಕಾಗಿದೆ. ಇಲ್ಲೇ ಓದಿಕೊಳ್ಳಿ.

ಫಲಿತಾಂಶಕ್ಕೆ ಮೀನು ಕಾರಣವಲ್ಲ. ಅದೇ ಉಡುಪಿಯಲ್ಲಿ ಮೀನು ಮುಟ್ಟದ ಮನೆಗಳ ಮಕ್ಕಳೂ ರ‍್ಯಾಂಕ್ ತೆಗೆಯುತ್ತಾರೆ. ಮಕ್ಕಳನ್ನು ಕೂರಿಸಿಕೊಂಡು ಓದಿಸಿದ ತಾಯಂದಿರನ್ನೂ ಮೇಷ್ಟ್ರುಗಳನ್ನೂ ಬಿಟ್ಟು ಬಂಗುಡೆ ಮೀನಿಗೆ ಹೆಸರು ಕೊಟ್ಟರೆ ನನಗೆ ಸಿಟ್ಟು ಬರುತ್ತದೆ.

ಹಾಗಂತ ಮಾತು ಪೂರ್ತಿ ಸುಳ್ಳೂ ಅಲ್ಲ. ಮಿದುಳು ಬೆಳೆಯಲು ಡಿಎಚ್‌ಎ ಎಂಬ ಕೊಬ್ಬು ಬೇಕು, ಅದು ಮೀನಿನಲ್ಲಿ ಧಾರಾಳವಾಗಿದೆ. ಚೀನಾದ ಜಿನ್‌ಟಾನ್‌ನಲ್ಲಿ 541 ಮಕ್ಕಳನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆಯಾದರೂ ಮೀನು ತಿನ್ನುವವರ ಐಕ್ಯೂ ಅಪರೂಪಕ್ಕೆ ತಿನ್ನುವವರಿಗಿಂತ ಸುಮಾರು 4.8 ಅಂಕ ಹೆಚ್ಚಿತ್ತು. ಅವರಿಗೆ ನಿದ್ದೆಯೂ ಚೆನ್ನಾಗಿ ಬರುತ್ತಿತ್ತು. ಆದರೆ ಎರಡೂ ಒಟ್ಟಿಗೆ ಕಂಡವು ಎಂದಷ್ಟೇ ಅದರ ಅರ್ಥ, ಮೀನೇ ಮಾಡಿಸಿತು ಎಂದಲ್ಲ.

ಮಾತ್ರೆಯ ಕಥೆ ಇನ್ನೂ ತೆಳು. ಓದಿನಲ್ಲಿ ತೀರಾ ಹಿಂದಿದ್ದ ಮಕ್ಕಳಿಗೆ ಡಿಎಚ್‌ಎ ಕ್ಯಾಪ್ಸೂಲಿನಿಂದ ಸ್ವಲ್ಪ ಅನುಕೂಲವಾಯಿತು ಎಂದು ಆಕ್ಸ್‌ಫರ್ಡಿನವರು 2012ರಲ್ಲಿ ಬರೆದರು. ಮತ್ತೆ ಪರೀಕ್ಷಿಸಿದಾಗ ಆ ಅನುಕೂಲ ಕಾಣಲಿಲ್ಲ. 2018ರಲ್ಲಿ ಅದನ್ನೂ ಅವರೇ ಪ್ರಕಟಿಸಿದರು.

ಪಾಲಕರ ಸಭೆಯಲ್ಲಿ ಒಬ್ಬರು ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳಿದ್ದರು: "ಇವನ ತಲೆಗೆ ಲೆಕ್ಕ ಹತ್ತಲ್ಲ ಮೇಡಂ. ಮೀನೆಣ್ಣೆ ಮಾತ್ರೆ ಯಾವ ಕಂಪನೀದು ತರ್ಲಿ?" ಹುಡುಗ ತಲೆ ಎತ್ತಲಿಲ್ಲ. ಅವನು ಟ್ಯೂಷನ್ ಮುಗಿಸಿ ಮಲಗುವಾಗ ರಾತ್ರಿ ಹನ್ನೊಂದು, ಬೆಳಗ್ಗೆ ಬರುವುದು ಖಾಲಿ ಹೊಟ್ಟೆಯಲ್ಲಿ. ಮೊದಲು ನಿದ್ದೆ ಮಾಡಲು ಬಿಡಿ, ತಿಂಡಿ ಕೊಡಿ ಎಂದೆ. ಅವರಿಗೆ ಅದು ಉತ್ತರ ಅನ್ನಿಸಲಿಲ್ಲ.

ನನ್ನನ್ನು ಕೇಳಬೇಕಾದದ್ದು ಬೇರೆಯೇ ಇದೆ: ಮೀನು ಯಾವ ಮಗುವಿನ ಬಟ್ಟಲಿಗೆ ಬೀಳುತ್ತಿದೆ? ಅಂಜಲ್‌ನಂಥ ದುಬಾರಿ ಮೀನು ಕೊಳ್ಳಲಾಗದ ಮನೆಗಳನ್ನು ಸಾಕಿದ್ದು ಬೂತಾಯಿ, ಅಂದರೆ ಸಾರ್ಡೀನ್. ಅದರಲ್ಲಿ ಒಳ್ಳೆಯ ಕೊಬ್ಬು ಹೇರಳ. ಸಣ್ಣ ಮೀನಾದ್ದರಿಂದ, ತಾಟೆಯಂಥ (ಶಾರ್ಕ್) ದೊಡ್ಡ ಮೀನುಗಳಲ್ಲಿ ಸೇರಿಕೊಳ್ಳುವಷ್ಟು ಪಾದರಸ ಅದರಲ್ಲಿ ಸೇರುವುದಿಲ್ಲ. ಮಕ್ಕಳಿಗೆ ಹೇಳಿ ಮಾಡಿಸಿದ ಮೀನು. ಅದೇ ಬೂತಾಯಿ ಲಾರಿಗಟ್ಟಲೆ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತದೆ. ಅಲ್ಲಿ ಹಿಟ್ಟಾಗಿ, ಎಣ್ಣೆಯಾಗಿ, ಸಿಗಡಿ ಸಾಕುವ ಕೆರೆಗಳಿಗೆ ಮೇವಾಗುತ್ತದೆ. ಆ ಸಿಗಡಿ ಹಡಗು ಹತ್ತಿ ಹೊರದೇಶ ಸೇರುತ್ತದೆ. ದೋಣಿಗಳು ಮೀನು ಇಳಿಸುವ ದಕ್ಕೆಯ ಬಗಲಲ್ಲೇ ಇರುವ ಮನೆಯ ಹೆಂಗಸು ರೇಟು ಕೇಳಿ ಬರಿಗೈಯಲ್ಲಿ ಹಿಂದಿರುಗುವ ದಿನಗಳಿವೆ.

ಮೀನು ತಿನ್ನದವರು ತಿನ್ನಬೇಕಿಲ್ಲ, ಅದು ಅವರಿಗೆ ಬಿಟ್ಟದ್ದು. ಆದರೆ ದಕ್ಕೆಗೆ ಬಂದ ಬೂತಾಯಿ ಮೊದಲು ಊರಿನ ಮಾರ್ಕೆಟ್ಟಿನಲ್ಲಿ ಇಳಿಯಬೇಕು, ಅಲ್ಲಿ ಮಿಕ್ಕಿದ್ದು ಫ್ಯಾಕ್ಟರಿಗೆ ಹೋಗಲಿ.