ತೊಲೆಗೂ ದುಡ್ಡು ಕೇಳಿದ ಬಿಷಪ್

ನಮ್ಮೂರು ಕೊಪ್ಪಳದ ಹತ್ತಿರ. ಫ್ಯಾಕ್ಟರಿಗೆ ನಮ್ಮ ನಾಲ್ಕು ಎಕರೆ ಎರಿ ಹೊಲ ಹೋಯಿತು. ಪರಿಹಾರದ ಪಟ್ಟಿಯಲ್ಲಿ ಹೊಲ ಇತ್ತು, ಅದರಲ್ಲಿದ್ದ ಮಾಳಿಗೆ ಮನೆ ಇರಲಿಲ್ಲ. ಅಪ್ಪ ಆಫೀಸಿಗೆ ಅಲೆದು ಅಲೆದು ಸುಸ್ತಾದ. ಕೊನೆಗೆ ಮನೆ ಕೆಡವಿ, ಬೇವಿನ ತೊಲೆ, ಬಾಗಿಲ ಚೌಕಟ್ಟು ಟ್ರ್ಯಾಕ್ಟರಿಗೆ ಹೇರಿಕೊಂಡು ಬಂದ. ಆ ತೊಲೆ ಈಗಲೂ ಹಿತ್ತಲಲ್ಲಿದೆ. ತೊಟ್ಟಿಲ ಹಗ್ಗ ಉಜ್ಜಿ ಉಜ್ಜಿ ಅದರ ಮೇಲೆ ಬೆರಳು ಹಿಡಿಸುವಷ್ಟು ಕಚ್ಚು ಬಿದ್ದಿದೆ. ನಾವು ಮೂವರೂ ಅದಕ್ಕೆ ಕಟ್ಟಿದ ತೊಟ್ಟಿಲಲ್ಲೇ ಮಲಗಿದವರು.

ಅದಕ್ಕೇ ಇರಬೇಕು, ಇಂಗ್ಲೆಂಡಿನ ಲಿಂಕನ್ ಊರಿನ ಬಿಷಪ್ ಹ್ಯೂ ಅವರ ಕಥೆ ಓದುವಾಗ ಒಂದು ಕಡೆ ಕಣ್ಣು ತುಂಬಿ ಬಂತು.

ಹ್ಯೂ ಹುಟ್ಟಿದ್ದು ಈಗಿನ ಫ್ರಾನ್ಸಿನ ಅವಲಾನ್‌ನಲ್ಲಿ. ಏಕಾಂತದಲ್ಲಿ ಬದುಕುವ ಕಾರ್ತೂಸಿಯನ್ ಎಂಬ ಕ್ರೈಸ್ತ ಪಂಗಡದ ಸನ್ಯಾಸಿ. 1170ರಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಅವರನ್ನು ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯ ಕಡೆಯವರು ಚರ್ಚಿನೊಳಗೇ ಕೊಂದಿದ್ದರಲ್ವಾ, ಆ ಪಾಪ ಕಳೆಯಲು ರಾಜ ಅಲ್ಲಿನ ವಿಥಮ್ ಎಂಬ ಊರಲ್ಲಿ ಮಠ ಕಟ್ಟಿಸಲು ಹೊರಟ. ಕೆಲಸ ಮುಂದೆ ಸಾಗಲಿಲ್ಲ. ಹ್ಯೂ ಅವರನ್ನು ಕರೆಸಿದ. ಇವರು ಬಂದು ನೋಡಿದರೆ ಆ ಜಾಗದಲ್ಲಿ ರೈತರು ಮನೆ ಕಟ್ಟಿಕೊಂಡು ಬದುಕಿದ್ದಾರೆ!

ಮೊದಲು ಅವರದ್ದು ಇತ್ಯರ್ಥ ಆಗಲಿ ಎಂದರು ಹ್ಯೂ. ಬೇರೆ ಕಡೆ ಹೊಲ, ಇಲ್ಲವೇ ಜೀತದಿಂದ ಬಿಡುಗಡೆ, ರೈತರೇ ಆರಿಸಿಕೊಳ್ಳಲಿ. ಅಷ್ಟಕ್ಕೇ ಬಿಡಲಿಲ್ಲ. ಅವರ ಗುಡಿಸಲಿಗೂ ದುಡ್ಡು ಕೊಡಬೇಕು, ಕೊನೆಯ ಕಾಸಿನ ತನಕ, ಅಲ್ಲಿವರೆಗೆ ನಾನು ಜಾಗ ಮುಟ್ಟಲ್ಲ ಎಂದರು. ರಾಜ ಕೊಟ್ಟ. ಆಮೇಲೆ ಆ ಮನೆಗಳನ್ನು ತನಗೆ ಕೊಡಿ ಎಂದು ಕೇಳಿ ಪಡೆದು, ರೈತರಿಗೇ ವಾಪಸ್ ಕೊಟ್ಟುಬಿಟ್ಟರು. ಬಿಚ್ಚಿಕೊಂಡು ಹೋಗಲಿ, ಮಾರಲಿ, ಅವರಿಷ್ಟ.

1186ರಲ್ಲಿ ಬಿಷಪ್ ಆದರು. ಹಿಂದಿನ ವರ್ಷವಷ್ಟೇ ಭೂಕಂಪಕ್ಕೆ ಲಿಂಕನ್ನಿನ ದೊಡ್ಡ ಚರ್ಚು ಬಿರುಕು ಬಿಟ್ಟಿತ್ತು. ಅದನ್ನು ಮತ್ತೆ ಕಟ್ಟುವಾಗ ಕೂಲಿಯವರ ಜೊತೆ ತಾವೂ ಕಲ್ಲು ಹೊತ್ತರಂತೆ. ಫ್ರಾನ್ಸಿನ ಯುದ್ಧಕ್ಕೆಂದು ರಾಜ ರಿಚರ್ಡ್ ಸೈನಿಕರನ್ನು ಕೇಳಿದಾಗ ಆಗಲ್ಲ ಎಂದರು. 1200ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಲಿಂಕನ್ನಿನಲ್ಲಿ ಶವಪೆಟ್ಟಿಗೆಗೆ ರಾಜ ಜಾನ್ ಹೆಗಲು ಕೊಟ್ಟ.

ಮೊನ್ನೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ರಾಜರ ಸುದ್ದಿ ಸುಮ್ನೆ ಕೇಳಿಸಿಕೊಂಡ. ಆಮೇಲೆ ಕೇಳಿದ್ದು ಒಂದೇ:

“ಮನಿಗೂ ರೊಕ್ಕ ಕೊಟ್ಟು, ತೊಲೀನೂ ಅವರಿಗೇ ಬಿಟ್ರೇನು?”

“ಹೂಂ ಅಪ್ಪಾ” ಎಂದೆ.