ನಮ್ಮ ಟೀಚರ್ ಕಾದಂಬರಿ ಬರೆದ್ರು

ನಮ್ಮ ಕನ್ನಡ ಟೀಚರ್ ಕಾದಂಬರಿ ಬರೆದಿದ್ದಾರೆ ಅಂತ ಗೊತ್ತಾದಾಗ ನಮ್ಮ ಬ್ಯಾಚಿನ ಎಷ್ಟೋ ಜನಕ್ಕೆ ಆಶ್ಚರ್ಯ ಆಯ್ತು, ನನಗೆ ಮಾತ್ರ ಅವರು ಇಷ್ಟು ವರ್ಷ ಯಾಕೆ ಬರೀಲಿಲ್ಲ ಅನ್ನೋದೇ ಆಶ್ಚರ್ಯ. ಕೇಳಿದ್ರೆ "ಸಂಜೆ ಎಲ್ಲ ನಿಮ್ಮ ನೋಟ್ಸ್ ತಿದ್ದೋದಕ್ಕೇ ಆಗ್ತಿತ್ತಲ್ಲ ಮಾರಾಯ" ಅಂದ್ರು. ನಿಜ. ಮಳೆಗಾಲದ ಮೇಲೆ ಪ್ರಬಂಧ ಕೊಟ್ರೆ ನಾವು ಗೈಡ್ ನೋಡಿ 'ಮಳೆಯು ಪ್ರಕೃತಿಯ ವರದಾನ' ಅಂತ ಇಳಿಸ್ಕೊಂಡು ಹೋಗ್ತಿದ್ವಿ, ಅವರು ಅದಕ್ಕೆ ಕೆಂಪು ಪೆನ್ನಲ್ಲಿ ಗೀಟು ಎಳೆದು ಪಕ್ಕದಲ್ಲಿ 'ಒಲೆ ಮೇಲೆ ಒಣಗಿಸಿದ ಯೂನಿಫಾರ್ಮ್ ಎಂಥ ವಾಸನೆ ಬರ್ತದೆ? ಅದನ್ನ ಬರಿ' ಅಂತ ಬರೀತಿದ್ರು. ನಲವತ್ತು ನೋಟ್ಸಿಗೂ ಹಾಗೆ, ಒಬ್ಬೊಬ್ರಿಗೆ ಒಂದೊಂದು ಪ್ರಶ್ನೆ.

ಡಿಸೆಂಬರ್ ಬಂದು ಕಾಫಿ ಕುಯ್ಲು ಜೋರಾಯ್ತು ಅಂದ್ರೆ ತೋಟದ ಕೂಲಿಯವರ ಲೈನ್ ಮನೆ ಮಕ್ಕಳ ಬೆಂಚು ಖಾಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಟೀಚರ್ ತೋಟದೊಳಗೆ ನಡ್ಕೊಂಡೇ ಹೋಗಿ ಅವರನ್ನ ಹುಡುಕ್ತಿದ್ರು. ಒಂದ್ಸಲ ನಾನೂ ಜೊತೆಗಿದ್ದೆ. ನಮ್ಮ ಕ್ಲಾಸಿನ ಹುಡುಗಿ ಸೊಂಟಕ್ಕೆ ಚೀಲ ಕಟ್ಕೊಂಡು ಹಣ್ಣು ಕುಯ್ತಾ ಇದ್ಳು, ಬೆರಳೆಲ್ಲ ಕಪ್ಪಾಗಿ ಅಂಟಂಟು. ಟೀಚರ್ ಬೈಲಿಲ್ಲ, ಬುದ್ಧಿನೂ ಹೇಳ್ಲಿಲ್ಲ, ಅವಳ ಪಕ್ಕ ನಿಂತು ಆ ಗಿಡ ಮುಗಿಯೋ ತನಕ ಹಣ್ಣು ಕುಯ್ದು ಆಮೇಲೆ ಮಾತು ತೆಗೆದ್ರು. ಅವಳು ಸೋಮವಾರ ಬಂದ್ಳು. ಮಾರನೇ ವರ್ಷ ಬರಲೇ ಇಲ್ಲ. ಕಾದಂಬರಿ ಅವಳದ್ದೇ ಕತೆ, ಹೆಸರು ಮಾತ್ರ ಬೇರೆ.

ಪಾಠದ ನಡುವೆ ಕೊಡಗಿನ ಗೌರಮ್ಮನ ಮಾತು ಬಂದ್ರೆ ಟೀಚರ್ ಪುಸ್ತಕ ಮಡಚಿ ಇಡ್ತಿದ್ರು. 1912ರಲ್ಲಿ ಹುಟ್ಟಿ 1939ರಲ್ಲಿ ನೀರುಪಾಲಾದ ಹೆಣ್ಣುಮಗಳು, 27 ವರ್ಷಕ್ಕೇ ಇವತ್ತಿಗೂ ಓದೋ ಅಂಥ ಕತೆ ಬರೆದಿಟ್ಟು ಹೋದ್ರು, 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಮೈಮೇಲಿನ ಒಡವೆ ಬಿಚ್ಚಿ ಕೊಟ್ರು ಅಂತ ಹೇಳೋರು. ರಿಟೈರ್ ಆದ ಮರುದಿನವೇ ಬರೆಯೋಕೆ ಕೂತಿದ್ದು ಯಾಕೆ ಅಂದ್ರೆ "ಗೌರಮ್ಮನಿಗೆ ಸಿಗದ ಆಯಸ್ಸು ನನಗೆ ಸಿಕ್ಕಿದೆ, ಇನ್ನೂ ಕಾದ್ರೆ ತಪ್ಪಾಗ್ತದೆ" ಅಂದಿದ್ರು.

ಬರೆದಿದ್ದು ಶಾಲೆಯ ಹಳೇ ಉತ್ತರಪತ್ರಿಕೆಗಳ ಖಾಲಿ ಹಾಳೆಯಲ್ಲಿ. 2018ರ ಆಗಸ್ಟಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದು ಊರಿಗೆ ಊರೇ ಖಾಲಿ ಆದಾಗ ಟೀಚರ್ ಕೂಡ ಮನೆ ಬಿಟ್ರು, ಕೈಯಲ್ಲಿ ಅಕ್ಕಿ ಬಂದಿದ್ದ ಪ್ಲಾಸ್ಟಿಕ್ ಚೀಲ, ಅದರೊಳಗೆ ಆ ಹಾಳೆಗಳ ಕಟ್ಟು. ಪರಿಹಾರ ಕೇಂದ್ರದಲ್ಲಿ ನೋಡಿದ್ರೆ ಬದಲಿಸೋಕೆ ಒಂದು ಸೀರೆನೂ ತಂದಿರಲಿಲ್ಲ.

ಒಬ್ಬ ಪ್ರಕಾಶಕರು ಒಂದು ವರ್ಷ ಇಟ್ಕೊಂಡು ಉತ್ತರಾನೇ ಕೊಡದೆ ವಾಪಸ್ ಕಳಿಸಿದ್ರು, ನನಗೆ ಈಗಲೂ ಅದು ಬೇಜಾರು. ಇನ್ನೊಬ್ಬರು ಒಪ್ಪಿ 500 ಪ್ರತಿ ಹಾಕಿದ್ರು. 'ನುಡಿ' ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು ನಾನು, ರಾತ್ರಿ ಕೆಲಸ ಮುಗಿಸಿ ದಿನಕ್ಕೆ ನಾಲ್ಕೈದು ಪುಟ. ಕರಡು ಮೂರು ಸಲ ತಿದ್ದಿದ್ರೂ ಮೊದಲನೇ ಅಧ್ಯಾಯದಲ್ಲಿ 'ಕಾಫಿ ಹಣ್ಣು' ಅನ್ನೋದು 'ಕಾಫಿ ಹೆಣ್ಣು' ಅಂತ ಆಗಿ ಅಚ್ಚಾಗಿ ಬಂತು.

ಕ್ಷಮೆ ಕೇಳೋಣ ಅಂತ ಆ ಭಾನುವಾರ ಬೆಳಿಗ್ಗೆ ಮಡಿಕೇರಿ ಬಸ್ಸು ಹತ್ತಿದೆ. ಟೀಚರ್ ಜಗಲಿಯಲ್ಲಿ ಬಾಕ್ಸ್ ಬಿಚ್ಚಿಟ್ಕೊಂಡು ಒಂದೊಂದೇ ಪ್ರತಿ ತೆಗೆದು ಕೆಂಪು ಪೆನ್ನಲ್ಲಿ ಆ ಅಕ್ಷರ ತಿದ್ತಾ ಕೂತಿದ್ರು, ಪಕ್ಕದಲ್ಲಿ ಆರಿದ ಕಾಫಿ. ನನ್ನ ಮಾತು ಅರ್ಧಕ್ಕೇ ನಿಲ್ಲಿಸಿ ಇನ್ನೊಂದು ಪೆನ್ನು ಕೊಟ್ರು. "ಇನ್ನೂ ಮುನ್ನೂರು ಉಂಟು, ಕೂತ್ಕೋ."