ಹೊರಡುವ ಮುನ್ನ ಮತ್ತೊಮ್ಮೆ ವಾಷಿಂಗ್ಟನ್

ಮಕ್ಕಳ ಮನೆಗೆಂದು ಅಮೆರಿಕೆಗೆ ಹೋದ ನಮ್ಮಂಥ ಹಿರಿಯರಿಗೆ ಕೊನೆಯ ವಾರದಲ್ಲಿ ಎರಡು ಕೆಲಸಗಳು ಒಟ್ಟಿಗೇ ಬಂದು ಕೂಡುತ್ತವೆ. ಒಂದು, ಸೂಟ್‌ಕೇಸು ತುಂಬುವುದು. ಇನ್ನೊಂದು, ನೋಡದೆ ಉಳಿದ ಜಾಗಗಳನ್ನು ನೋಡಿ ಮುಗಿಸುವುದು. ವರ್ಜೀನಿಯಾ ರಾಜ್ಯದ ಆಶ್‌ಬರ್ನ್‌ನಲ್ಲಿರುವ ನನ್ನ ಮಗಳೂ ಅಳಿಯನೂ ಅಕ್ಟೋಬರ್ ತಿಂಗಳು ಮುಗಿಯುತ್ತ ಬಂದಂತೆ ದೊಡ್ಡ ಪಟ್ಟಿಯನ್ನೇ ಮುಂದಿಟ್ಟರು. ಷೆನಾಂಡೋವಾ ರಾಷ್ಟ್ರೀಯ ಉದ್ಯಾನದ ಬೆಟ್ಟಸಾಲಿನ ನೆತ್ತಿಯ ಮೇಲೆ 105 ಮೈಲಿ ಸಾಗುವ ಸ್ಕೈಲೈನ್ ಡ್ರೈವ್ ರಸ್ತೆ, ಫಿಲಡೆಲ್ಫಿಯಾದ ಲಿಬರ್ಟಿ ಬೆಲ್, ಬಾಲ್ಟಿಮೋರ್‌ನ ಬಂದರು, ಹೀಗೆ. ನನಗೆ ಬೇಕಾಗಿದ್ದು ಇವು ಯಾವುವೂ ಅಲ್ಲ. ಬೇಸಿಗೆಯ ಬಿಸಿಲಲ್ಲಿ, ಜನಜಂಗುಳಿಯ ನಡುವೆ ಒಂದೇ ದಿನದಲ್ಲಿ ಸುತ್ತಿಬಂದಿದ್ದ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಎಂಬ ಸ್ಮಾರಕಗಳ ವಿಶಾಲ ಬಯಲನ್ನು ಇನ್ನೊಮ್ಮೆ, ಈ ಸಲ ಕಾಲುಗಳಿಗೆ ಸಾಕಾಗುವಷ್ಟು ನಿಧಾನವಾಗಿ ನೋಡಬೇಕು ಎಂದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದ ನನಗೆ, ಕಾಣದ ಹೊಸ ಊರಿಗಿಂತ ಅರ್ಧ ಕಂಡ ಆ ಬಯಲೇ ಹೆಚ್ಚು ಕಾಡುತ್ತಿತ್ತು.

ಮಕ್ಕಳಿಗೆ ಆಫೀಸು ಇದ್ದ ದಿನಗಳಲ್ಲಿ ನಾವಿಬ್ಬರೇ ಹೋಗಿಬಂದೆವು. ಅಮೆರಿಕೆಯ ಉಪನಗರಗಳಲ್ಲಿ ಕಾರು ಓಡಿಸಲು ಬಾರದವರು ಹಗಲೆಲ್ಲ ಮನೆಯೊಳಗೇ ಉಳಿಯಬೇಕಾಗುತ್ತದೆ ಎನ್ನುವ ಕೊರಗು ಅಲ್ಲಿಗೆ ಹೋದ ತಂದೆತಾಯಂದಿರೆಲ್ಲರದೂ ಹೌದು. ಆದರೆ ಮೆಟ್ರೋದ ಸಿಲ್ವರ್ ಲೈನ್ 2022ರ ನವೆಂಬರ್‌ನಲ್ಲಿ ಆಶ್‌ಬರ್ನ್‌ವರೆಗೂ ಬಂದಿರುವುದರಿಂದ ನಮಗೆ ಆ ಕೊರಗು ಅರ್ಧ ಕಡಿಮೆಯಾಗಿತ್ತು. ಮಗಳು ಬೆಳಿಗ್ಗೆ ನಿಲ್ದಾಣದ ಬಳಿ ಇಳಿಸಿ ಹೋದರೆ, ಒಂದು ಗಂಟೆಗೂ ಮೀರಿದ ಪಯಣದ ನಂತರ, ಗಾಡಿ ಬದಲಿಸದೆ ನೇರವಾಗಿ ಸ್ಮಿತ್ಸೋನಿಯನ್ ನಿಲ್ದಾಣದಲ್ಲಿ ಇಳಿಯಬಹುದು. ಎಸ್ಕಲೇಟರ್ ಹತ್ತಿ ಮೇಲೆ ಬಂದರೆ ಮುಂದೆಯೇ ಹುಲ್ಲಿನ ಬಯಲು. ಬಲಕ್ಕೆ ದೂರದಲ್ಲಿ ಸಂಸತ್ತಿನ ಗುಮ್ಮಟ, ಎಡಕ್ಕೆ 555 ಅಡಿ ಎತ್ತರದ ವಾಷಿಂಗ್ಟನ್ ಸ್ತಂಭ. ಆ ಸ್ತಂಭದ ಬಣ್ಣ ಸುಮಾರು 150 ಅಡಿಯ ಎತ್ತರದಲ್ಲಿ ಬದಲಾಗುವುದನ್ನು ಮೊದಲ ಸಲ ಗಮನಿಸಿರಲಿಲ್ಲ. 1854ರಲ್ಲಿ ಹಣವಿಲ್ಲದೆ ನಿಂತ ಕೆಲಸ, ನಡುವೆ ಅಂತರ್ಯುದ್ಧವೂ ಕಳೆದು, 1879ರಲ್ಲಿ ಮತ್ತೆ ಶುರುವಾದಾಗ ಅದೇ ಬಣ್ಣದ ಕಲ್ಲು ಸಿಗಲಿಲ್ಲ. ಒಂದು ದೇಶದ ಒಡಕು ಕಲ್ಲಿನ ಮೇಲೆ ಗೆರೆಯಾಗಿ ಉಳಿದಿದೆ. ಅದನ್ನು ಮರೆಮಾಚಲು ಯಾರೂ ಸುಣ್ಣ ಬಳಿದಿಲ್ಲ ಎನ್ನುವುದು ನನಗೆ ಹಿಡಿಸಿತು.

ಲಿಂಕನ್ ಸ್ಮಾರಕದ ಒಳಗೋಡೆಗಳಲ್ಲಿ ಕೆತ್ತಿರುವ ಗೆಟಿಸ್‌ಬರ್ಗ್ ಭಾಷಣವನ್ನು ನಿಂತು ಪೂರ್ತಿ ಓದಿದೆ. ವರ್ಷವರ್ಷವೂ ತರಗತಿಯಲ್ಲಿ ಅದರ ಒಂದು ಸಾಲನ್ನು ಮಾತ್ರ ಹೇಳಿ ಮುಂದೆ ಹೋಗುತ್ತಿದ್ದೆವು. ಇಡೀ ಭಾಷಣವೇ ಒಂದು ಗೋಡೆಯ ಮೇಲೆ ಹಿಡಿಸುವಷ್ಟು ಚಿಕ್ಕದು. ಎದುರು ಗೋಡೆಯ ಮೇಲಿರುವ 1865ರ ಎರಡನೆಯ ಪದಗ್ರಹಣ ಭಾಷಣವೇ ಹೆಚ್ಚು ಗಂಭೀರವಾದದ್ದು ಎಂದು ನನಗೆ ಈಗ ಅನ್ನಿಸುತ್ತದೆ, ಏಕೆಂದರೆ ಗೆಲ್ಲುವ ಹೊತ್ತಿನಲ್ಲಿ ನಿಂತು ಗುಲಾಮಗಿರಿಯ ಪಾಪದಲ್ಲಿ ತನ್ನವರದೂ ಪಾಲಿದೆ ಎಂದು ಹೇಳುವ ಧೈರ್ಯ ಅದರಲ್ಲಿದೆ. ಹೊರಗಿನ ಮೆಟ್ಟಿಲುಗಳಲ್ಲಿ, 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ನಿಂತು ಮಾತನಾಡಿದ ಜಾಗವನ್ನು ಅಕ್ಷರ ಕೆತ್ತಿ ಗುರುತಿಸಿದ್ದಾರೆ.

ಅಲ್ಲಿಂದ ಸ್ವಲ್ಪವೇ ದೂರದಲ್ಲಿರುವುದು ವಿಯೆಟ್ನಾಂ ಯುದ್ಧದಲ್ಲಿ ಮಡಿದವರ ಸ್ಮಾರಕ. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅದರ ವಿಷಯವನ್ನೇ. ಅದು ಗೋಪುರವಲ್ಲ, ಕುದುರೆಯೇರಿದ ವೀರನ ಪ್ರತಿಮೆಯೂ ಅಲ್ಲ. ಹುಲ್ಲುನೆಲವನ್ನು ಇಳಿಜಾರಾಗಿ ತೆಗೆದು, ಆ ಮಣ್ಣಿಗೆ ಒರಗಿಸಿ ನಿಲ್ಲಿಸಿದ ಎರಡು ಕರಿಗಲ್ಲಿನ ಗೋಡೆಗಳು ಅವು. ತಲಾ ಸುಮಾರು 247 ಅಡಿ ಉದ್ದ, ತುದಿಯಲ್ಲಿ ಪಾದದ ಮಟ್ಟ, ಎರಡೂ ಕೂಡುವ ಮೂಲೆಯಲ್ಲಿ ಹತ್ತು ಅಡಿ ಎತ್ತರ. 1981ರಲ್ಲಿ ನಡೆದ ಸ್ಪರ್ಧೆಗೆ ಬಂದ 1,421 ವಿನ್ಯಾಸಗಳಲ್ಲಿ ಆಯ್ಕೆಯಾದದ್ದು ಆಗ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ಮಾಯಾ ಲಿನ್ ಎಂಬ ಹುಡುಗಿಯ ಚಿತ್ರ. ಕಪ್ಪು ಬಣ್ಣ ಅವಮಾನದ್ದು, ನೆಲದೊಳಗೆ ಇಳಿಸಿದ್ದು ಸೋಲಿನ ಗುರುತು ಎಂದು ಹಲವರು ಬಲವಾಗಿ ವಿರೋಧಿಸಿದರೂ 1982ರ ನವೆಂಬರ್‌ನಲ್ಲಿ ಅದು ಉದ್ಘಾಟನೆಯಾಯಿತು.

ಆ ಕಲ್ಲು ನಮ್ಮದು. ಬೇಸಿಗೆಯಲ್ಲಿ ಅದರ ಮುಂದೆ ನಡೆದುಹೋಗಿದ್ದಾಗ ನನಗೆ ಇದು ಗೊತ್ತಿರಲಿಲ್ಲ; ಆಮೇಲೆ ಮಗಳ ಮನೆಯ ಹತ್ತಿರದ ಸಾರ್ವಜನಿಕ ಗ್ರಂಥಾಲಯದಿಂದ ತಂದ ಪುಸ್ತಕವೊಂದರಲ್ಲಿ ಓದಿ ತಿಳಿಯಿತು. ಎದುರು ನಿಂತವರ ರೂಪ ಕನ್ನಡಿಯಲ್ಲಿ ಕಂಡಂತೆ ಕಾಣಬೇಕು ಎನ್ನುವುದು ವಿನ್ಯಾಸದ ಬೇಡಿಕೆಯಾಗಿತ್ತು. ಅಂಥ ಹೊಳಪು ತಾಳುವ, ಒಂದೇ ಸಮನೆ ಕಪ್ಪಾಗಿರುವ ಕಲ್ಲಿಗಾಗಿ ಹುಡುಕಿದವರು ಬಂದು ಮುಟ್ಟಿದ್ದು ಬೆಂಗಳೂರಿನ ಕಡೆಯ ಕಲ್ಲುಗಣಿಗಳಿಗೆ. ಇಲ್ಲಿಂದ ಹಡಗಿನಲ್ಲಿ ಹೋದ ಬಂಡೆಗಳನ್ನು ವರ್ಮಾಂಟ್ ರಾಜ್ಯದ ಬ್ಯಾರಿ ಎಂಬಲ್ಲಿ ಕತ್ತರಿಸಿ ನಯಗೊಳಿಸಿ, ಟೆನೆಸ್ಸಿಯ ಮೆಂಫಿಸ್‌ನಲ್ಲಿ ಹೆಸರುಗಳನ್ನು ಕೊರೆದರು. ಕನಕಪುರ, ಚಾಮರಾಜನಗರದ ಕಡೆ ಹೋದವರಿಗೆ ಈ ಜಾತಿಯ ಕಲ್ಲು ಹೊಸದಲ್ಲ. ಮಾರುಕಟ್ಟೆಯಲ್ಲಿ ಕಪ್ಪು ಗ್ರಾನೈಟ್ ಎಂದು ಕರೆಸಿಕೊಂಡರೂ ಭೂವಿಜ್ಞಾನದ ಪ್ರಕಾರ ಇಂಥವು ಹೆಚ್ಚಾಗಿ ಡಾಲರೈಟ್ ಶಿಲೆಗಳು. ಹಳೆಯ ಬಂಡೆಗಳ ಬಿರುಕಿನಲ್ಲಿ ಶಿಲಾಪಾಕ ಉಕ್ಕಿಬಂದು ಹೆಪ್ಪುಗಟ್ಟಿ ಆದವು.

ತಿಳಿದುಕೊಂಡು ಎರಡನೆಯ ಸಲ ಹೋದಾಗ ಗೋಡೆ ಬೇರೆಯೇ ಆಗಿ ಕಂಡಿತು. 58,000ಕ್ಕೂ ಹೆಚ್ಚು ಹೆಸರುಗಳಿವೆ. ಅವುಗಳಲ್ಲಿ ಎಂಟು ಹೆಂಗಸರದು, ಎಲ್ಲರೂ ದಾದಿಯರು. ಅಕಾರಾದಿಯಾಗಿ ಬರೆದಿಲ್ಲ, ಹುದ್ದೆಯ ಕ್ರಮದಲ್ಲೂ ಬರೆದಿಲ್ಲ, ಮಡಿದ ದಿನಾಂಕದ ಕ್ರಮದಲ್ಲಿ ಬರೆದಿದ್ದಾರೆ. ಮೂಲೆಯಲ್ಲಿ 1959 ಎಂದು ಆರಂಭವಾಗುವ ಸಾಲು ಬಲಗೋಡೆಯ ತುದಿಯವರೆಗೆ ಹೋಗಿ, ಎಡಗೋಡೆಯ ತುದಿಯಿಂದ ಮತ್ತೆ ಮುಂದುವರಿದು, ಅದೇ ಮೂಲೆಯ ಬುಡದಲ್ಲಿ 1975ಕ್ಕೆ ಬಂದು ನಿಲ್ಲುತ್ತದೆ. ಹೆಸರಿನ ಪಕ್ಕ ವಜ್ರದಾಕಾರದ ಗುರುತಿದ್ದರೆ ಸಾವು ಖಚಿತ. ಶಿಲುಬೆಯಾಕಾರದ ಗುರುತಿದ್ದರೆ ಆ ಮನುಷ್ಯ ಏನಾದನೆಂದು ತಿಳಿದಿಲ್ಲ. ಮುಂದೆಂದಾದರೂ ಅವನ ಅಸ್ಥಿ ಸಿಕ್ಕಿದರೆ ಆ ಶಿಲುಬೆಯ ಮೇಲೆಯೇ ವಜ್ರವನ್ನು ಕೊರೆಯುತ್ತಾರೆ.

ನಾವು ನಿಂತಿದ್ದ ಕಡೆ ಹಳದಿ ಅಂಗಿಯ ಸ್ವಯಂಸೇವಕಿಯೊಬ್ಬರು ಹೆಸರುಪಟ್ಟಿಯ ದಪ್ಪ ಪುಸ್ತಕದಲ್ಲಿ ಹುಡುಕಿ ಒಬ್ಬ ಮುದುಕನಿಗೆ ಹೆಸರೊಂದನ್ನು ತೋರಿಸಿಕೊಟ್ಟರು. ಅವನು ಒಂದು ಚಿಕ್ಕ ಕಾಗದದ ಪಟ್ಟಿಯನ್ನು ಕಲ್ಲಿಗೆ ಒತ್ತಿ ಹಿಡಿದು, ಸೀಸದಕಡ್ಡಿಯನ್ನು ಅಡ್ಡವಾಗಿ ಉಜ್ಜತೊಡಗಿದ. ಕಪ್ಪು ಹರಡುತ್ತ ಹೋದಂತೆ ಕೊರೆದ ಅಕ್ಷರಗಳು ಮಾತ್ರ ಬೆಳ್ಳಗೆ ಉಳಿದು ಒಂದೊಂದಾಗಿ ಮೂಡಿದವು. ಕೈ ನಡುಗುತ್ತಿದ್ದುದರಿಂದ ಕಾಗದ ಸರಿಯಿತು; ನಮ್ಮವರು ಮುಂದೆ ಹೋಗಿ ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡರು. ಮುಗಿದ ಮೇಲೆ ಆತ ನಾವು ಯಾವ ಕಡೆಯವರೆಂದು ಕೇಳಿದ, ಈ ಕಲ್ಲು ಬಂದ ನಾಡಿನವರು ಎಂದು ಹೇಳಿದೆವು. ಅವನಿಗೂ ಅದು ಗೊತ್ತಿರಲಿಲ್ಲ. ಮತ್ತೆ ಗೋಡೆಯ ಕಡೆ ತಿರುಗಿ, ಅಂಗೈಯನ್ನು ಪೂರ್ತಿಯಾಗಿ ಕಲ್ಲಿನ ಮೇಲಿಟ್ಟು ಸ್ವಲ್ಪ ಹೊತ್ತು ನಿಂತ.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ನಾನು ಮಾಡಿದ ವೃತ್ತಿಗೆ ನ್ಯಾಯವಾಗದು. ಆ ಯುದ್ಧದಲ್ಲಿ ಸತ್ತ ವಿಯೆಟ್ನಾಮಿನ ಜನರ ಸಂಖ್ಯೆ ಈ ಗೋಡೆಯ ಮೇಲಿನ ಹೆಸರುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು, ಅವರಲ್ಲಿ ಯಾರೊಬ್ಬರ ಹೆಸರೂ ಇಲ್ಲಿಲ್ಲ. ಅಮೆರಿಕೆಯವರು ತಮ್ಮವರಿಗಾಗಿ ಕಟ್ಟಿದ ಸ್ಮಾರಕ ಅದು, ಹಾಗಾಗಿ ಇದರಲ್ಲಿ ಅಚ್ಚರಿಯಿಲ್ಲ. ಆದರೂ ಅಲ್ಲಿ ನಿಂತ ಏಷ್ಯಾದವರೊಬ್ಬರಿಗೆ ಆ ಇಲ್ಲದ ಹೆಸರುಗಳ ನೆನಪಾಗಲೇಬೇಕು ಎಂದು ನಾನು ನಂಬುತ್ತೇನೆ.

ಇನ್ನೊಂದು ದಿನವನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಮೀಸಲಿಟ್ಟಿದ್ದೆ. 1897ರಲ್ಲಿ ತೆರೆದ ಜೆಫರ್ಸನ್ ಕಟ್ಟಡದ ಅಮೃತಶಿಲೆಯ ಮೆಟ್ಟಿಲು, ಚಿತ್ತಾರದ ಚಾವಣಿಗಳನ್ನು ನೋಡಲೆಂದೇ ಜನ ಬರುತ್ತಾರೆ, ಅವು ಚೆನ್ನಾಗಿಯೇ ಇವೆ. ನನ್ನ ಆಸಕ್ತಿ ಅಲ್ಲಿನ ಏಷ್ಯಾ ವಿಭಾಗದ ಓದುಕೋಣೆಯಲ್ಲಿತ್ತು. ಪಾಸ್‌ಪೋರ್ಟ್ ತೋರಿಸಿದರೆ ನಮ್ಮಂಥ ಪ್ರವಾಸಿಗರಿಗೂ ಓದುಗರ ಗುರುತಿನ ಚೀಟಿಯನ್ನು ಶುಲ್ಕವಿಲ್ಲದೆ ಕೊಡುತ್ತಾರೆ. ಕನ್ನಡ ಪುಸ್ತಕಗಳು ಅಲ್ಲಿ ಧಾರಾಳವಾಗಿವೆ. ನಮ್ಮ ಜಿಲ್ಲಾ ಗ್ರಂಥಾಲಯಗಳಲ್ಲಿ ಈಗ ಕೇಳಿದರೆ ಸಿಗದಂಥ ಹಳೆಯ ಮುದ್ರಣಗಳೂ ಪಟ್ಟಿಯಲ್ಲಿ ಕಂಡವು. ಇಷ್ಟು ಪುಸ್ತಕಗಳು ಅಲ್ಲಿಗೆ ಹೋದ ಬಗೆಯನ್ನು ನನ್ನ ವಯಸ್ಸಿನವರು ತಿಳಿಯಬೇಕು. 1954ರ ಪಿಎಲ್ 480 ಕಾಯ್ದೆಯಡಿ ಅಮೆರಿಕ ನಮಗೆ ಗೋಧಿ ಮಾರಿದಾಗ ಬೆಲೆಯನ್ನು ಡಾಲರಿನಲ್ಲಿ ಕೇಳದೆ ರೂಪಾಯಿಯಲ್ಲಿ ಪಡೆಯಿತು, ಆ ರೂಪಾಯಿಗಳು ಭಾರತದಲ್ಲೇ ಖರ್ಚಾಗಬೇಕಿತ್ತು. ಅದರ ಒಂದು ಪಾಲಿನಿಂದ ಈ ಗ್ರಂಥಾಲಯವು 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು, ನಮ್ಮ ಭಾಷೆಗಳಲ್ಲಿ ಅಚ್ಚಾಗುತ್ತಿದ್ದ ಪುಸ್ತಕಗಳನ್ನು ಕೊಳ್ಳತೊಡಗಿತು.

ಶಾಲೆಯ ಜಗಲಿಯಲ್ಲಿ ಸಾಲಾಗಿ ಕೂತು, ಅಮೆರಿಕದ ಕೇರ್ ಎಂಬ ನೆರವಿನ ಸಂಸ್ಥೆಯಿಂದ ಬಂದ ಗೋಧಿರವೆಯ ಉಪ್ಪಿಟ್ಟನ್ನು ಮುತ್ತುಗದ ಎಲೆಯಲ್ಲಿ ತಿಂದವಳು ನಾನು. ಅದರ ಎಣ್ಣೆಯ ವಾಸನೆ ಇವತ್ತಿಗೂ ನೆನಪಿದೆ. ಆ ಕಾಲದ ಗೋಧಿಯ ಲೆಕ್ಕದಿಂದಲೇ ನಮ್ಮ ಲೇಖಕರ ಪುಸ್ತಕಗಳು ಸಮುದ್ರ ದಾಟಿ ಬಂದು, ಇಲ್ಲಿ ಹುಳುವಿಲ್ಲದೆ ಧೂಳಿಲ್ಲದೆ ಕೂತಿವೆ ಎಂದು ತಿಳಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಆ ಗೋಧಿಯ ಹಿಂದೆ ರಾಜಕೀಯವಿತ್ತು, ಒತ್ತಡವಿತ್ತು, ನಮ್ಮ ಸರ್ಕಾರಗಳು ನುಂಗಿಕೊಂಡ ಮುಜುಗರವಿತ್ತು; ಇವನ್ನೆಲ್ಲ ನಾನೇ ಪಾಠ ಮಾಡಿದ್ದೇನೆ. ಆದರೆ ಓದುಕೋಣೆಯ ಮೇಜಿನ ಮೇಲೆ ತಂದಿಟ್ಟ, ಮಾಸಿದ ರಟ್ಟಿನ ಕನ್ನಡ ಕಾದಂಬರಿಯ ಪುಟಗಳನ್ನು ತಿರುವುವಾಗ ಕೃತಜ್ಞತೆ ಅವೆಲ್ಲವುಗಳಿಗಿಂತ ಮುಂದೆ ನಿಂತಿತ್ತು. ನಮ್ಮ ಕಡೆಯಿಂದ ಅಮೆರಿಕೆಗೆ ಹೋದದ್ದು ಎಂದರೆ ಎಂಜಿನಿಯರ್ ಮಕ್ಕಳು ಮಾತ್ರ ಎಂಬಂತೆ ನಾವು ಮಾತನಾಡುತ್ತೇವೆ. ಮಕ್ಕಳು ಹೋಗುವುದಕ್ಕೆ ಮೊದಲೇ ನಮ್ಮ ಪುಸ್ತಕ ಹೋಗಿತ್ತು, ಅವರಲ್ಲಿ ಹೆಚ್ಚಿನವರಿಗಿಂತ ಮೊದಲು ನಮ್ಮ ಕಲ್ಲೂ ಹೋಗಿ ನಿಂತಿತ್ತು.

ಮ್ಯಾಸಚೂಸೆಟ್ಸ್ ಅವೆನ್ಯೂದಲ್ಲಿ ನಮ್ಮ ರಾಯಭಾರ ಕಚೇರಿಯ ಸಮೀಪ, 2000ದ ಸೆಪ್ಟೆಂಬರ್‌ನಲ್ಲಿ ವಾಜಪೇಯಿ ಮತ್ತು ಕ್ಲಿಂಟನ್ ಸೇರಿ ಅರ್ಪಿಸಿದ ಗಾಂಧೀಜಿಯ ಪ್ರತಿಮೆಯನ್ನೂ ಮರಳುವಾಗ ನೋಡಿದೆವು. ಕೋಲು ಹಿಡಿದು ದಾಂಡಿಯ ಕಡೆ ನಡೆಯುತ್ತಿರುವ ಭಂಗಿ ಅದು.

ಮನೆಯಲ್ಲಿ ಆ ಹೊತ್ತಿಗೆ ಸಾಮಾನು ಕಟ್ಟುವ ಕೆಲಸ ಜೋರಾಗಿತ್ತು. ಒಂದೊಂದು ಸೂಟ್‌ಕೇಸಿಗೆ 23 ಕಿಲೋ, ಅಂದರೆ ಅಲ್ಲಿನ ಲೆಕ್ಕದಲ್ಲಿ 50 ಪೌಂಡು. ಅಳಿಯ ಮೊದಲು ತಾನೊಬ್ಬನೇ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಸೂಟ್‌ಕೇಸನ್ನು ಎತ್ತಿಕೊಂಡು ನಿಂತು, ಕಳೆದು ಲೆಕ್ಕ ಹೇಳುತ್ತಿದ್ದ. ಬರುವಾಗ ಸಾಂಬಾರ್ ಪುಡಿ, ಚಟ್ನಿಪುಡಿ, ಹುರಿಗಾಳು, ಮಗಳ ಸೀರೆಗಳಿಂದ ತುಂಬಿದ್ದ ಜಾಗದಲ್ಲಿ ಈಗ ಬಾದಾಮಿ, ಚಾಕೊಲೇಟ್, ನೆಂಟರು ಹೇಳಿಕಳಿಸಿದ್ದ ವಿಟಮಿನ್ ಮಾತ್ರೆಗಳು. ಪವರ್ ಬ್ಯಾಂಕು ಕೈಚೀಲಕ್ಕೇ ಹೋಗಬೇಕು, ದ್ರವದ ಸೀಸೆಗಳು 100 ಮಿಲಿಲೀಟರಿಗೆ ಮೀರಿದರೆ ಕೈಚೀಲದಲ್ಲಿ ನಡೆಯುವುದಿಲ್ಲ. ಮೊಮ್ಮಗಳು ತನ್ನ ಬಣ್ಣದ ಚಿತ್ರವೊಂದನ್ನು ಸೀರೆಯ ಮಡಿಕೆಯಲ್ಲಿ ಇಟ್ಟು, ಊರಿಗೆ ಹೋಗುವ ತನಕ ತೆಗೆಯಬಾರದೆಂದು ಕಟ್ಟಪ್ಪಣೆ ಮಾಡಿದಳು.

ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಅಮೆರಿಕೆಯಿಂದ ಹೊರಡುವವರ ಪಾಸ್‌ಪೋರ್ಟಿಗೆ ಯಾರೂ ಮುದ್ರೆ ಒತ್ತುವುದಿಲ್ಲ. ಹೊರಡುವ ದಾರಿಯಲ್ಲಿ ನಮ್ಮಲ್ಲಿರುವಂಥ ವಲಸೆ ತಪಾಸಣೆಯ ಕಟ್ಟೆಯೇ ಅಲ್ಲಿಲ್ಲ. ವಿಮಾನ ಸಂಸ್ಥೆ ಒದಗಿಸುವ ಮಾಹಿತಿಯಿಂದ ನಾವು ದೇಶ ಬಿಟ್ಟದ್ದು ದಾಖಲಾಗುತ್ತದೆ. ಮೊದಲ ಸಲ ಹೋಗುವ ಹಿರಿಯರು ಇದರಿಂದ ಗಾಬರಿಯಾಗಬೇಕಿಲ್ಲ, ಬೋರ್ಡಿಂಗ್ ಪಾಸನ್ನು ಜೋಪಾನವಾಗಿ ಇಟ್ಟುಕೊಂಡರೆ ಮುಂದಿನ ವೀಸಾ ಹೊತ್ತಿಗೆ ಯಾರಾದರೂ ಕೇಳಿದರೆ ತೋರಿಸಬಹುದು. ಕೊಲ್ಲಿಯ ಕಡೆ ಹೋಗುವ ವಿಮಾನದ ಬಾಗಿಲ ಬಳಿ ಗಾಲಿಕುರ್ಚಿಗಳ ಉದ್ದದ ಸಾಲಿತ್ತು. ಕೂತವರಲ್ಲಿ ಬಹುಪಾಲು ನಮ್ಮಂಥ ತಂದೆತಾಯಂದಿರೇ. ಕನ್ನಡ, ತೆಲುಗು, ತಮಿಳು ಎಲ್ಲವೂ ಕಿವಿಗೆ ಬೀಳುತ್ತಿದ್ದವು. ಮುಂದಿನ ಸಲ ಬರುವ ಮಾತನ್ನು ಕೆಲವರು ಆಡುತ್ತಿದ್ದರು, ಇನ್ನು ಆಗುವುದಿಲ್ಲ ಎಂದು ಕೆಲವರು.

ನಾವು ಹೊರಡುವ ಹಿಂದಿನ ಭಾನುವಾರ, ನವೆಂಬರಿನ ಮೊದಲ ಭಾನುವಾರ, ಅಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ಹಾಕಿದ್ದರು. ಹಾಗಾಗಿ ಒಂಬತ್ತೂವರೆ ಗಂಟೆಯಿದ್ದ ಅಂತರ ಈಗ ಹತ್ತೂವರೆ ಗಂಟೆಯಾಗಿದೆ. ಊರಿಗೆ ಬಂದ ಮೇಲೆ ಮೊಮ್ಮಗಳಿಗೆ ಕನ್ನಡ ಅಕ್ಷರ ಕಲಿಸುವ ಪಾಠವನ್ನು ವೀಡಿಯೊ ಕರೆಯಲ್ಲಿ ಮುಂದುವರಿಸಿದ್ದೇನೆ. ನಮಗೆ ಭಾನುವಾರ ಬೆಳಿಗ್ಗೆ ಏಳು ಗಂಟೆ, ಅವಳಿಗೆ ಶನಿವಾರ ರಾತ್ರಿ ಎಂಟೂವರೆ. ಕಾಗುಣಿತಕ್ಕೆ ಬಂದಿದ್ದೇವೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅಲ್ಲಿ ಮತ್ತೆ ಗಡಿಯಾರ ಮುಂದಕ್ಕೆ ಹೋಗುತ್ತದೆ. ಆಗಿನಿಂದ ನಾನು ಬೆಳಿಗ್ಗೆ ಆರಕ್ಕೇ ಪಾಠಕ್ಕೆ ಕೂರಬೇಕು.